ತಾವರಗೇರಾದಲ್ಲಿ ಸೈಲೆನ್ಸರ್ ಕೊಯ್ಯಲು ಹೊರಟ ರಾತ್ರಿ

ಮುದಗಲ್ ಕೋಟೆಯ ಶೂಟಿಂಗ್ ಮುಗಿಸಿ ಗಂಗಾವತಿ ಕಡೆ ಹೊರಟಿದ್ದೆವು. ಆ ಕೋಟೆಗಾಗಿ ಬಹಮನಿಯವರೂ ವಿಜಯನಗರದವರೂ ಎಷ್ಟು ಸಲ ಹೊಡೆದಾಡಿದರು ಅನ್ನೋದನ್ನ ನಿಮಗೆ ಹೇಳಬೇಕು ಅಂತ ಹೋಗಿದ್ದವನು ನಾನು. ಆದರೆ ಅವತ್ತು ಹೊತ್ತು ತಂದದ್ದು ಬೇರೆಯೇ ಇತಿಹಾಸ. ತಾವರಗೇರಾ ದಾಟುವಾಗ ರಾತ್ರಿ ಒಂಬತ್ತಾಗಿತ್ತು. ಚಹಾದ ಅಂಗಡಿ ಕಂಡಿತು, ಗಾಡಿ ನಿಲ್ಲಿಸಿದೆವು. ಪಕ್ಕದ ಗ್ಯಾರೇಜಿನಲ್ಲಿ ನೀಲಿ ಬೆಳಕು. ಗ್ಯಾಸ್ ಕಟರ್ ಹಿಡಿದ ಮಿಸ್ತ್ರಿಯೊಬ್ಬರು ಟಿಪ್ಪರ್ ಕೆಳಗೆ ಮಲಗಿದ್ದರು. ಹದಿನೆಂಟು ವರ್ಷವೂ ತುಂಬದ ಹುಡುಗನೊಬ್ಬ ಬ್ಯಾಟರಿ ಹಿಡಿದು ನಿಂತಿದ್ದ. ಗಾಡಿ ಮಾಲೀಕ ತಲೆ ಮೇಲೆ ಕೈ ಹೊತ್ತು ಕಲ್ಲಿನ ಮೇಲೆ ಕೂತಿದ್ದ.

ಏನ್ ಮಾಡ್ತಿದ್ದೀರಿ ಚಾಚಾ, ಅಂದೆ.

"ಸೈಲೆನ್ಸರ್ ಕೊಯ್ಯಾಕತ್ತೀನ್ರಿ ಸರ. ಒಳಗಿನ ಫಿಲ್ಟರ್ ತಗದು ಒಗದು, ಖಾಲಿ ಡಬ್ಬಿ ವೆಲ್ಡಿಂಗ್ ಮಾಡಿ ಕೂಡಿಸಿಬಿಡೂದು. ಗಾಡಿಗೆ ಉಸುರಾಡಾಕ ಆಗವಲ್ದು."

ವೀಕ್ಷಕರೇ, ಸುದ್ದಿ ಮನೆಯಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಲಾರಿ ಬಗ್ಗೆ ಎಷ್ಟು ಸುದ್ದಿ ಓದಿದ್ದೇನೆ! ಪಲ್ಟಿಯಾದ ಲಾರಿ, ಮುಷ್ಕರ ಹೂಡಿದ ಲಾರಿ, ಓವರ್‌ಲೋಡ್ ಲಾರಿ, ಅಕ್ರಮ ಮರಳಿನ ಲಾರಿ. ಲಾರಿಯ ಹೊಟ್ಟೆಯ ಕೆಳಗೆ ಡ್ರಮ್ಮಿನಂಥ ಡಬ್ಬಿಯೊಂದು ಇರುತ್ತೆ, ಅದರ ಹಿಂದೆ ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಕಥೆ ಇದೆ ಅನ್ನೋದು ನನಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

1897ನೇ ಇಸವಿ ನೆನಪಿಟ್ಟುಕೊಳ್ಳಿ. ಆ ವರ್ಷದ ಫೆಬ್ರುವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಲ್ಲಿ ರುಡಾಲ್ಫ್ ಡೀಸೆಲ್ ಅನ್ನೋ ಎಂಜಿನಿಯರ್ ತನ್ನ ಎಂಜಿನ್ ಪರೀಕ್ಷೆ ಮಾಡಿ ತೋರಿಸಿದ. ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಕಾಲು ಭಾಗಕ್ಕೂ ತುಸು ಹೆಚ್ಚು ಕೆಲಸಕ್ಕೆ ಬಂತು. ಉಗಿಬಂಡಿಗಳ ಕಾಲದಲ್ಲಿ ಅದು ನಂಬಲಾಗದ ಮಾತು. ಅದೇ ವರ್ಷ, ಸಮುದ್ರದಾಚೆ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಅನ್ನೋ ಸಣ್ಣ ಊರಲ್ಲಿ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು ಒಂದು ಪೇಟೆಂಟ್ ಪಡೆದರು. ಎಂಜಿನ್ ಸದ್ದು ಅಡಗಿಸುವ ಡಬ್ಬಿಗೆ. ಅವರ ಮೂಲ ಕಸುಬು ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಬೇಕಾದ ಪುಲ್ಲಿ ಮಾಡೋದು. ಹವ್ಯಾಸಕ್ಕೆ ಮೋಟಾರು ಬಂಡಿ ಕಟ್ಟಿದರು. ಅದರ ಗದ್ದಲಕ್ಕೆ ಕುದುರೆಗಳು ಬೆದರುತ್ತಿದ್ದವು. ಹಾಗಾಗಿ ಈ ಡಬ್ಬಿ.

ಅಂದರೆ ಡೀಸೆಲ್ ಎಂಜಿನ್ನೂ ಸೈಲೆನ್ಸರ್ರೂ ಒಂದೇ ವರ್ಷದ ಕೂಸುಗಳು! ಇವತ್ತಿನ ಲಾರಿಯಲ್ಲಿ ಒಂದು ಮುಂದೆ, ಒಂದು ಕೆಳಗೆ. (ಈ ಮಿಲ್ಟನ್ ಮಹಾಶಯ 1911ರಲ್ಲಿ ಎಂಟು ಚಕ್ರದ ಕಾರು ಮಾಡಿ ಎಲ್ಲರಿಂದ ನಗಿಸಿಕೊಂಡ. ನಮ್ಮ ಹೈವೇಯಲ್ಲಿ ಓಡುವ ಹದಿನಾಲ್ಕು ಚಕ್ರದ ಲಾರಿಗಳನ್ನು ನೋಡಿದ್ದರೆ ಏನನ್ನುತ್ತಿದ್ದನೋ!) ಡೀಸೆಲ್ ಕಥೆಯ ಕೊನೆ ಮಾತ್ರ ನಗುವಂಥದ್ದಲ್ಲ. 1913ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದವನು ರಾತ್ರಿ ಕಾಣೆಯಾದ. ಹೆಣ ಸಮುದ್ರದಲ್ಲಿ ಸಿಕ್ಕಿತು. ತನ್ನ ಎಂಜಿನ್ ಲಾರಿಗೆ ಏರಿದ್ದನ್ನು ಅವನು ನೋಡಲೇ ಇಲ್ಲ. 1923-24ರ ಹೊತ್ತಿಗೆ ಬೆಂಜ್ ಮತ್ತು ಮಾನ್ ಕಂಪನಿಗಳು ಡೀಸೆಲ್ ಲಾರಿಗಳನ್ನು ತಂದವು.

ಗಮನಿಸಿ, ಆ ಕಾಲಕ್ಕೆ ತಲೆನೋವು ಸದ್ದು ಮಾತ್ರ. ಹೊಗೆಯ ಬಗ್ಗೆ ಯಾರೂ ಕೇಳಲಿಲ್ಲ. ಹೊಗೆ ಬಂದರೆ ಊರು ಉದ್ಧಾರ ಆಗ್ತಿದೆ ಅಂತ ಅರ್ಥ. ಈ ಮಾತು ನಮ್ಮ ಕಡೆ ಬಹಳ ವರ್ಷ ನಡೆಯಿತು.

ಈಗ ನಮ್ಮ ನೆಲಕ್ಕೆ ಬರೋಣ. ತಾವರಗೇರಾ ಆಗ ನಿಜಾಮರ ರಾಜ್ಯ, ರಾಯಚೂರು ಜಿಲ್ಲೆ. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆಯೇ ರಸ್ತೆ ಸಾರಿಗೆ ಶುರು ಮಾಡಿತು. 27 ಬಸ್ಸು, 166 ಜನ ನೌಕರರು. ಇಡೀ ಹೈದರಾಬಾದ್ ಸಂಸ್ಥಾನಕ್ಕೆ ಅಷ್ಟೇ! ಹಳ್ಳಿಗಾಡಿನ ಸಾಮಾನು ಸಾಗಿಸಲು ಎತ್ತಿನ ಬಂಡಿಯೇ ಗತಿ. ಬಂಡಿಗೆ ಸೈಲೆನ್ಸರ್ ಬೇಡ, ಕೀಲೆಣ್ಣೆ ಸಾಕು. 1948ರ ಸೆಪ್ಟೆಂಬರ್ 17ರಂದು ನಿಜಾಮಶಾಹಿ ಮುಗಿಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರಿನ ಎರೆಹೊಲಗಳನ್ನ ಗದ್ದೆ ಮಾಡಿತು. ಕುಷ್ಟಗಿ ತಾಲೂಕಿಗೆ ಆ ಭಾಗ್ಯ ಇಲ್ಲ, ಇಲ್ಲಿಯದು ಮಳೆ ನಂಬಿದ ಸಜ್ಜೆ, ಜೋಳ. ಆದರೆ ಗಂಗಾವತಿಯ ಅಕ್ಕಿ ಹೊರಗೆ ಹೋಗಬೇಕಲ್ಲ? ಮರುವರ್ಷವೇ, 1954ರಲ್ಲಿ, ಜಮ್‌ಶೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ತಯಾರಾಗತೊಡಗಿತು. ಮದ್ರಾಸಿನ ಎನ್ನೋರಿನಲ್ಲಿ ಲೇಲ್ಯಾಂಡ್. ಬೆಂಜ್ ಜೊತೆಗಿನ ಒಪ್ಪಂದ ಮುಗಿದದ್ದು 1969ರಲ್ಲಿ. ಮುಂದೆ ಮೂತಿಯ ಮೇಲಿನ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಹಳೇ ಡ್ರೈವರುಗಳಿಗೆ ಮಾತ್ರ ಅದು ಕೊನೇವರೆಗೂ 'ಬೆಂಜ್ ಗಾಡಿ'ಯೇ.

ನೀರು ಬಂತು, ಭತ್ತ ಬಂತು, ಮಿಲ್ಲು ಬಂತು, ಲಾರಿ ಬಂತು. ಲಾರಿ ಹಿಂದೆ ಗ್ಯಾರೇಜು. ಗ್ಯಾರೇಜಿನಲ್ಲಿ ಚಾಚಾನ ಅಪ್ಪ.

"ನಮ್ಮ ಅಬ್ಬಾನ ಕಾಲಕ್ಕ ಸೈಲೆನ್ಸರ್ ಅಂದ್ರ ತಗಡಿನ ಡಬ್ಬಿ ಸರ. ತೂತು ಬಿದ್ರ ಪಟ್ಟಿ ಹೊಡಿಯೂದು, ಮತ್ತ ತೂತು ಬಿದ್ರ ಹೊಸಾ ತಗಡು ಸುತ್ತೂದು," ಅಂದರು ಚಾಚಾ. ಅವರ ಮಾತಿಗೆ ಚಹಾ ಅಂಗಡಿಯವನೂ ತಲೆಯಾಡಿಸಿದ.

ಬರೀ ತಗಡಿನ ಡಬ್ಬಿ ಅಲ್ಲ ಅದು. ಒಳಗೆ ಕೋಣೆಗಳಿವೆ, ತೂತು ಕೊರೆದ ಕೊಳವೆಗಳಿವೆ. ಎಂಜಿನ್ನಿಂದ ನುಗ್ಗಿ ಬರುವ ಸದ್ದಿನ ಅಲೆ ಆ ಕೋಣೆಯ ಗೋಡೆಗೆ ಬಡಿದು ಹಿಂದಕ್ಕೆ ಬರುತ್ತೆ. ಹಿಂದೆ ಬಂದ ಅಲೆ, ಮುಂದೆ ಬರುತ್ತಿರುವ ಅಲೆಯನ್ನ ತಾನೇ ತಿಂದುಹಾಕುತ್ತೆ. ಸದ್ದನ್ನ ಸದ್ದಿನಿಂದಲೇ ಕೊಲ್ಲೋದು. ಆದರೆ ಅದಕ್ಕೊಂದು ಬೆಲೆ ಇದೆ. ಹೊಗೆ ಹೊರಗೆ ಹೋಗಲು ಅಡ್ಡಿಯಾದಷ್ಟೂ ಎಂಜಿನ್ನಿನ ಮೇಲೆ ಹಿಂದೊತ್ತಡ ಬೀಳುತ್ತೆ. ಡೀಸೆಲ್ ಜಾಸ್ತಿ ಕುಡಿಯುತ್ತೆ, ಟರ್ಬೋ ಬಿಸಿಯಾಗುತ್ತೆ. ಅದಕ್ಕೇ ಒಂದು ಗಾಡಿಯ ಸೈಲೆನ್ಸರ್ ಇನ್ನೊಂದಕ್ಕೆ ಕೂಡಿಸಬಾರದು. ಪೈಪಿನ ಅಳತೆ ಸರಿ ಇದೆ ಅಂದ ಮಾತ್ರಕ್ಕೆ ಒಳಗಿನ ಲೆಕ್ಕ ಸರಿ ಇರಲ್ಲ. 180 ಅಶ್ವಶಕ್ತಿಯ ಎಂಜಿನ್ನಿಗೆ ಮಾಡಿದ್ದನ್ನ 250ಕ್ಕೆ ಹಾಕಿದರೆ ಮೂಗು ಹಿಡಿದು ಓಡಿಸಿದ ಹಾಗೆ.

ಇನ್ನೊಂದು ವಿಚಾರ ಚಾಚಾನಿಂದಲೇ ಕಲಿತದ್ದು. ಸೈಲೆನ್ಸರ್ ತುಕ್ಕು ಹಿಡಿಯೋದು ಹೊರಗಿನ ಮಳೆಯಿಂದ ಅಂತ ನಾನು ತಿಳಿದಿದ್ದೆ. ಅಲ್ಲ, ಒಳಗಿನಿಂದ! ಡೀಸೆಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತೆ. ದೂರ ಓಡುವ ಗಾಡಿಯಲ್ಲಿ ಡಬ್ಬಿ ಕಾದು ಆ ಆವಿ ಹೊರಗೆ ಹೋಗುತ್ತೆ. ಎರಡು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ನೀರು ಒಳಗೇ ನಿಂತು, ಗಂಧಕದ ಜೊತೆ ಸೇರಿ ಆಮ್ಲವಾಗಿ ತಗಡು ತಿನ್ನುತ್ತೆ. ಹಳೇ ಗಾಡಿ ಇಟ್ಟುಕೊಂಡವರು ಗಮನಿಸಬೇಕು: ತಣ್ಣಗಿರುವಾಗ ಮರದ ಕೊಡತಿಯಿಂದ ಮೆಲ್ಲಗೆ ಬಡಿದು ನೋಡಿ, ಒಳಗೆ ಗಲಗಲ ಅಂದರೆ ಕೋಣೆ ಕಳಚಿದೆ. ಜಾಯಿಂಟಿನ ಸುತ್ತ ಕಾಡಿಗೆ ಬಳಿದಂತೆ ಕಪ್ಪು ಗೆರೆ ಕಂಡರೆ ಗ್ಯಾಸ್ಕೆಟ್ ಸೋರುತ್ತಿದೆ. ಆ ಸೋರಿಕೆ ಕ್ಯಾಬಿನ್ ಕೆಳಗಾದರೆ ಹೊಗೆ ಹೋಗೋದು ಡ್ರೈವರನ ಮೂಗಿಗೆ. ತೂಗುಹಾಕಿರುವ ರಬ್ಬರು ಹರಿದಿದ್ದರೆ ಇವತ್ತೇ ಬದಲಿಸಿ. ನೂರು ರೂಪಾಯಿ ರಬ್ಬರು ಉಳಿಸಲು ಹೋಗಿ ಪೈಪಿಗೆ ಪೈಪೇ ಬಿರುಕು ಬಿಟ್ಟ ಗಾಡಿಗಳು ಇವೆ.

ಸರಿ, ಸದ್ದಿನ ಕಥೆ ಆಯಿತು. ಹೊಗೆ?

ಹೊಗೆಗೆ ಹೆದರೋದನ್ನ ಜಗತ್ತಿಗೆ ಕಲಿಸಿದ್ದು 1952ರ ಡಿಸೆಂಬರ್‌ನ ಲಂಡನ್. ಐದು ದಿನ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. ಅಲ್ಲಿ ಮುಖ್ಯ ಕಾರಣ ಕಲ್ಲಿದ್ದಲು. ಲಾಸ್ ಏಂಜಲೀಸ್‌ನಲ್ಲಿ ಮಾತ್ರ ದೋಷ ಮೋಟಾರು ಗಾಡಿಗಳದ್ದು. ಅಲ್ಲಿನ ಹೊಗೆ ನೋಡಿ ಯೂಜೀನ್ ಹೌಡ್ರಿ ಅನ್ನೋ ಫ್ರೆಂಚ್ ಎಂಜಿನಿಯರ್ ಕ್ಯಾಟಲಿಟಿಕ್ ಕನ್ವರ್ಟರ್ ಮಾಡಿದ. 1975ರ ಮಾದರಿಯಿಂದ ಅಮೆರಿಕದ ಕಾರುಗಳಿಗೆ ಅದು ಬಂತು. ಆದರೆ ಡೀಸೆಲ್ ಹೊಗೆಯ ಮಸಿ ಅದಕ್ಕೆ ಬಗ್ಗುವಂಥದ್ದಲ್ಲ. ಮಸಿಗೆ ಬೇಕಾದ್ದು ಜರಡಿ.

ಆ ಜರಡಿ ಪಿಂಗಾಣಿಯದ್ದು. ಜೇನುಗೂಡು ನೋಡಿದ್ದೀರಲ್ಲ, ಹಾಗೆ ಸಾವಿರಾರು ಸಣ್ಣ ಕಿಂಡಿಗಳು. ಜಾಣತನ ಎಲ್ಲಿದೆ ಅಂದರೆ, ಒಂದು ಕಿಂಡಿಯ ಈ ಬಾಯಿ ಮುಚ್ಚಿರುತ್ತೆ, ಪಕ್ಕದ ಕಿಂಡಿಯ ಆ ಬಾಯಿ ಮುಚ್ಚಿರುತ್ತೆ. ಒಳಗೆ ನುಗ್ಗಿದ ಹೊಗೆಗೆ ದಾರಿಯಿಲ್ಲ, ನವಿರಾದ ಗೋಡೆಯ ಮೂಲಕವೇ ನುಸುಳಿ ಪಕ್ಕದ ಕಿಂಡಿಗೆ ದಾಟಬೇಕು. ಗಾಳಿ ದಾಟುತ್ತೆ, ಮಸಿ ಗೋಡೆಗೆ ಅಂಟುತ್ತೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಸಿ ಅಲ್ಲೇ ಉಳಿಯುತ್ತೆ. ಇದಕ್ಕೇ ಡಿಪಿಎಫ್ ಅನ್ನೋದು. 1985ರಲ್ಲೇ ಮರ್ಸಿಡಿಸ್ ಕಂಪನಿ ಕ್ಯಾಲಿಫೋರ್ನಿಯಾದ ಕಾರುಗಳಿಗೆ ಇಂಥ ಫಿಲ್ಟರ್ ಹಾಕಿ ನೋಡಿತು, ಬಹಳ ಕಾಲ ನಡೆಯಲಿಲ್ಲ. 2000ದಲ್ಲಿ ಪಿಜೋ ಕಂಪನಿ ಗಟ್ಟಿಯಾಗಿ ಜಾರಿಗೆ ತಂದಿತು.

ನಮ್ಮ ಲಾರಿಗೆ ಬಂದದ್ದು? 2020ರ ಏಪ್ರಿಲ್ 1ಕ್ಕೆ. ಯಾಕೆ ಇಷ್ಟು ತಡ? ಸರ್ಕಾರದ ಸೋಮಾರಿತನ ಅಂತ ಒಂದೇ ಮಾತಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ನಿಜವಾದ ಕಾರಣ ನಮ್ಮ ಡೀಸೆಲ್‌ನಲ್ಲಿತ್ತು. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್‌ನಲ್ಲಿ ಗಂಧಕ ನೂರಕ್ಕೆ ಒಂದು ಪಾಲಿನವರೆಗೆ ಇರಬಹುದಿತ್ತು. ಅಂದರೆ ಹತ್ತು ಲಕ್ಷ ಪಾಲಿಗೆ 10,000. ಗಂಧಕ ಇದ್ದರೆ ಫಿಲ್ಟರಿನ ರಾಸಾಯನಿಕ ಲೇಪ ಸಾಯುತ್ತೆ. ಎಣ್ಣೆ ಶುದ್ಧವಾಗದೆ ಫಿಲ್ಟರ್ ತರುವ ಹಾಗಿಲ್ಲ. ಬಿಎಸ್-3ರಲ್ಲಿ 350ಕ್ಕೆ ಇಳಿಯಿತು, ಬಿಎಸ್-4ರಲ್ಲಿ 50, ಬಿಎಸ್-6ರಲ್ಲಿ 10. ಮೂವತ್ತು ವರ್ಷದಲ್ಲಿ ಸಾವಿರ ಪಟ್ಟು ಇಳಿಕೆ! ಈ ದೇಶದಲ್ಲಿ ಸದ್ದಿಲ್ಲದೆ ನಡೆದ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ನಾವು ಸುದ್ದಿಯವರು ಇದಕ್ಕೆ ಅರ್ಧ ಗಂಟೆ ಕೂಡ ಕೊಡಲಿಲ್ಲ.

ಕೊಟ್ಟದ್ದು ಯಾವುದಕ್ಕೆ ಗೊತ್ತಾ? 2017ರ ಮಾರ್ಚ್ 29ಕ್ಕೆ ಸುಪ್ರೀಂ ಕೋರ್ಟ್ ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರುವ ಹಾಗಿಲ್ಲ ಅಂದಿತು. ಕಂಪನಿಗಳ ಬಳಿ 8 ಲಕ್ಷಕ್ಕೂ ಹೆಚ್ಚು ಗಾಡಿ ಉಳಿದಿತ್ತು. ಎರಡು ದಿನ ಶೋರೂಂ ಮುಂದೆ ಜಾತ್ರೆ. ರಿಯಾಯಿತಿ ಎಷ್ಟು, ಕ್ಯೂ ಎಷ್ಟುದ್ದ ಅಂತ ನಾವು ಲೈವ್ ಕೊಟ್ಟೆವು. ಕಂಪನಿಗಳ ಲಾಭಕ್ಕಿಂತ ಜನರ ಆರೋಗ್ಯ ಮುಖ್ಯ ಅಂತ ಕೋರ್ಟ್ ಹೇಳಿದ ಮಾತು ಕೆಳಗಡೆ ಪಟ್ಟಿಯಲ್ಲಿ ಓಡಿಹೋಯಿತು.

ನನ್ನದೇ ಇನ್ನೊಂದು ತಪ್ಪೊಪ್ಪಿಗೆ ಇದೆ. ಬಳ್ಳಾರಿ ಅದಿರಿನ ಕಾಲ ನೆನಪಿದೆಯಲ್ಲ? ಚೀನಾ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿತ್ತು, ಕಬ್ಬಿಣಕ್ಕೆ ಬಂಗಾರದ ಬೆಲೆ. ಸಂಡೂರು, ಹೊಸಪೇಟೆಯಿಂದ ಹೊರಟ ಲಾರಿಗಳು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಬೇಲೆಕೇರಿ ಬಂದರಿಗೆ ಹಗಲೂ ರಾತ್ರಿ. ನಾನೂ ರಸ್ತೆ ಬದಿಯಲ್ಲಿ ಮೈಕ್ ಹಿಡಿದು ನಿಂತಿದ್ದೆ. ಕೆಂಪು ಧೂಳು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತೆ. ಎಲೆ ಕೆಂಪು, ಮನೆ ಕೆಂಪು, ಮಗುವಿನ ತಲೆ ಕೆಂಪು. ಎಂಥ ದೃಶ್ಯ! ಆ ಸಾವಿರಾರು ಸೈಲೆನ್ಸರ್‌ಗಳಿಂದ ಬರುತ್ತಿದ್ದ ಹೊಗೆ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಧೂಳು ಮೂಗಲ್ಲಿ ತಡೆಯುತ್ತೆ, ಸೀನಿದರೆ ಅಷ್ಟಿಷ್ಟು ಹೊರಗೆ ಬರುತ್ತೆ. ಡೀಸೆಲ್ ಮಸಿಯ ಕಣ ಕೂದಲೆಳೆಯ ದಪ್ಪದ ಮೂವತ್ತರಲ್ಲಿ ಒಂದು ಪಾಲೂ ಇರಲ್ಲ, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು, ಫೈನಾನ್ಸಿನವರು ಎಳೆದುಕೊಂಡು ಹೋದರು. ನಾವು ಆ ಕಥೆಯನ್ನೂ ಮಾಡಿದೆವು. ಮರುವರ್ಷ, 2012ರ ಜೂನ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಘೋಷಿಸಿತು. ಬೀಡಿ ಸಿಗರೇಟು ಇರುವ ಮೊದಲನೇ ಪಟ್ಟಿಯಲ್ಲೇ ಅದರ ಹೆಸರು ಸೇರಿತು. ಆ ಸುದ್ದಿ ಮಾಡಲಿಲ್ಲ.

2025ರ ಫೆಬ್ರುವರಿಯಲ್ಲಿ ಕೊಪ್ಪಳ ಪಟ್ಟಣದ ಜನ ಕಾರ್ಖಾನೆ ಹೊಗೆ ಸಾಕು ಅಂತ ಬೀದಿಗಿಳಿದರು. ಗವಿಮಠದ ಶ್ರೀಗಳೇ ಮುಂದೆ ನಿಂತರು. ಅದು ದೊಡ್ಡ ವಿಷಯ. ಆದರೆ ಚಿಮಣಿಗೆ ವಿಳಾಸ ಇದೆ, ಗೇಟ್ ಇದೆ, ಮುಂದೆ ಕೂತು ಘೋಷಣೆ ಕೂಗಬಹುದು. ಓಡುವ ಚಿಮಣಿಯ ಮುಂದೆ ಯಾರು ಕೂರ್ತಾರೆ?

ಮತ್ತೆ ತಾವರಗೇರಾಕ್ಕೆ ಬರ್ತೀನಿ. ಆ ಟಿಪ್ಪರ್ ಬಿಎಸ್-6. ಮಾಲೀಕನದು ಒಂದೇ ಗಾಡಿ, ಸಾಲದ್ದು. ಕ್ರಷರ್‌ನಿಂದ ಜಲ್ಲಿ ತುಂಬಿ ಆರೇಳು ಕಿಲೋಮೀಟರ್ ದೂರದ ರಸ್ತೆ ಕೆಲಸಕ್ಕೆ ಸುರಿಯೋದು, ವಾಪಸ್ ಬರೋದು. ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲೋದು. ರೋಗ ಇರೋದೇ ಅಲ್ಲಿ!

ಫಿಲ್ಟರ್ ತುಂಬಿದ ಮೇಲೆ ಆ ಮಸಿಯನ್ನ ಅಲ್ಲೇ ಸುಡಬೇಕು. ಅದಕ್ಕೆ 550ರಿಂದ 600 ಡಿಗ್ರಿ ಶಾಖ ಬೇಕು. ಹೈವೇ ಮೇಲೆ ಲೋಡು ಹೊತ್ತು ಮುನ್ನೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ಲೇಪದ ಸಹಾಯದಿಂದ ಕಡಿಮೆ ಶಾಖದಲ್ಲೂ ಮಸಿ ಸ್ವಲ್ಪ ಸ್ವಲ್ಪವಾಗಿ ತಾನೇ ಉರಿದು ಹೋಗುತ್ತೆ. ಕ್ರಷರ್ ಟಿಪ್ಪರ್‌ಗೆ ಆ ಬಿಸಿಯೇ ಏರಲ್ಲ. ಆಗ ಎಂಜಿನ್ನಿನ ಕಂಪ್ಯೂಟರು ತಾನೇ ಡೀಸೆಲ್ ಸುರಿದು ಶಾಖ ಎಬ್ಬಿಸುತ್ತೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ. ಇಪ್ಪತ್ತು ಮೂವತ್ತು ನಿಮಿಷ ಎಂಜಿನ್ ಆಫ್ ಮಾಡಬಾರದು. ನಮ್ಮ ಡ್ರೈವರು ಏನು ಮಾಡ್ತಾನೆ? ದೀಪ ಹತ್ತಿತು, ಏನೋ ಕೆಟ್ಟಿತು ಅಂತ ಕೀಲಿ ತಿರುಗಿಸಿ ಬಿಡ್ತಾನೆ. ಹತ್ತು ಸಲ ಹೀಗಾದರೆ ಫಿಲ್ಟರ್ ಕಲ್ಲಾಗುತ್ತೆ. ಅವನಿಗೆ ಇದನ್ನ ಹೇಳಿಕೊಟ್ಟವರು ಯಾರು? ಗಾಡಿ ಮಾರಿದವರು ಹಾರ ಹಾಕಿ, ಫೋಟೋ ತೆಗೆದು, ದಪ್ಪನೆಯ ಪುಸ್ತಕ ಕೊಟ್ಟು ಕಳಿಸಿದ್ದರು. ಪುಸ್ತಕ ಇಂಗ್ಲಿಷಿನಲ್ಲಿತ್ತು.

"ಕೆಂಪು ದೀಪ ಬಂತು ಅಂದ್ರ ಗಾಡಿ ಇಪ್ಪತ್ತರ ಮ್ಯಾಲ ಏಳಂಗಿಲ್ಲ ಸರ. ಶೋರೂಮಿನವ್ರು ಹೊಸಾದ ಹಾಕಬೇಕು ಅಂತಾರ, ಲಕ್ಷದ ಮ್ಯಾಲ ಹೇಳ್ತಾರ. ನಮ್ಮ ಹೊಗಿ ನಿಮ್ಮ ಕ್ಯಾಮೆರಾಕ್ಕ ಕಾಣತೈತಿ, ನಮ್ಮ ಕಂತು ಕಾಣಂಗಿಲ್ಲ."

ಉತ್ತರ ಹೊಳೆಯಲಿಲ್ಲ ನನಗೆ. ಸ್ಟುಡಿಯೋದಲ್ಲಿ ಕೂತಿದ್ದರೆ ಕಾನೂನು ಹೇಳುತ್ತಿದ್ದೆ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್, 2019ರ ತಿದ್ದುಪಡಿ ಆದ ಮೇಲೆ 10 ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸ್ ಮೂರು ತಿಂಗಳು ಅಮಾನತು. ಆ ಕಲ್ಲಿನ ಮೇಲೆ ಕೂತವನಿಗೆ ಅದನ್ನ ಹೇಳಿ ಏನು ಪ್ರಯೋಜನ?

ಆದರೆ ಕೊಯ್ಯೋದು ಲಾಭವೂ ಅಲ್ಲ, ಅದನ್ನ ಹೇಳಿದೆ. ನಮ್ಮ ಜೊತೆಗಿದ್ದ ಕಾರಿನ ಡ್ರೈವರು ಹಿಂದೆ ಹತ್ತು ವರ್ಷ ಮಂಗಳೂರು ಲೈನಿನಲ್ಲಿ ಲಾರಿ ಓಡಿಸಿದವನು. ಅವನು ನನಗಿಂತ ಚೆನ್ನಾಗಿ ಹೇಳಿದ. ಡಬ್ಬಿ ಖಾಲಿ ಮಾಡಿದರೆ ಒತ್ತಡ ಅಳೆಯುವ ಸೆನ್ಸರ್ ಸುಮ್ಮನಿರಲ್ಲ, ಮತ್ತೆ ದೀಪ. ಅದನ್ನ ಮೋಸ ಮಾಡಲು ಇನ್ನೊಬ್ಬನಿಗೆ ದುಡ್ಡು. ಎಫ್‌ಸಿಗೆ ಹೋದಾಗ ತಲೆನೋವು. ಮಾರಲು ಹೋದರೆ ಅರ್ಧ ಬೆಲೆ. ಕಿತ್ತು ಒಗೆಯುವ ಡಬ್ಬಿಯ ಲೇಪದಲ್ಲಿ ಪ್ಲಾಟಿನಂ ಇದೆ, ಗುಜರಿಯವನು ಅದಕ್ಕೇ ಬಾಯಿ ಬಿಟ್ಟುಕೊಂಡು ಕೂತಿರ್ತಾನೆ. ಚಾಚಾ ಈ ಮಾತಿಗೆ ಕಟರ್ ಆರಿಸಿದರು. "ಅದಕ್ಕ ಆ ಮಗ ಪುಕ್ಕಟ ಒಯ್ತೀನಿ ಅಂತಿದ್ದ!" ಅಂದರು.

ಆಮೇಲೆ ಎಂಜಿನ್ ಎಣ್ಣೆ ಯಾವುದು ಅಂತ ನಮ್ಮ ಡ್ರೈವರು ಕೇಳಿದ. ಡಬ್ಬ ತಂದು ತೋರಿಸಿದರು. ಹಳೇ ಗಾಡಿಗೆ ಹಾಕುವ ಸಿಐ-4! ಬಿಎಸ್-6ಕ್ಕೆ ಬೂದಿ ಕಡಿಮೆ ಇರುವ ಸಿಕೆ-4 ದರ್ಜೆ ಬೇಕು. ಮಸಿ ಸುಟ್ಟರೆ ಹೋಗುತ್ತೆ, ಎಣ್ಣೆಯಿಂದ ಬರುವ ಬೂದಿ ಎಷ್ಟು ಸುಟ್ಟರೂ ಹೋಗಲ್ಲ, ಒಲೆಯ ಬೂದಿ ಹಾಗೆ ಕೂತಿರುತ್ತೆ. ಅದನ್ನ ತೆಗೆಯಲು ಫಿಲ್ಟರ್ ಬಿಚ್ಚಿ ಒಲೆಯಲ್ಲಿ ಕಾಯಿಸಿ, ಗಾಳಿ ಊದುವ ಯಂತ್ರ ಬೇಕು. ವಾಷಿಂಗ್ ರ‍್ಯಾಂಪಿನಲ್ಲಿ ನೀರು ಹೊಡೆದರೆ ಲೇಪ ಕಿತ್ತು ಪಿಂಗಾಣಿ ಬಿರುಕು ಬಿಡುತ್ತೆ. ಯಂತ್ರ ಇರುವ ಕಡೆ ಹೋದಾಗ ಒಂದೇ ಒಂದು ಮಾತು ಕೇಳಿ: ಮುಂಚೆ ತೂಕ ಹಾಕಿ, ಆಮೇಲೆ ತೂಕ ಹಾಕಿ ತೋರಿಸಿ. ತೂಕ ಇಳಿಯದಿದ್ದರೆ ತೊಳೆದಿಲ್ಲ ಅಂತಲೇ ಅರ್ಥ. ಹೊಸದು ಕೊಳ್ಳುವುದೇ ಆದರೆ ಎಂಜಿನ್ನಿನ ನಂಬರಿಗೆ ಹೊಂದುವ ಭಾಗವೇ ಬೇಕು. ಮೂರನೇ ಒಂದು ಬೆಲೆಗೆ ಸಿಗುವ ಡಬ್ಬಿಯೊಳಗೆ ಲೇಪವೇ ಇಲ್ಲದ ಬರೀ ಪಿಂಗಾಣಿ ಇರಬಹುದು, ಹೊರಗಿನಿಂದ ಕಣ್ಣಿಗೆ ಗೊತ್ತಾಗಲ್ಲ. ಮತ್ತೆ ನೀಲಿ ಹೊಗೆ ಬಿಡುವ ಎಂಜಿನ್ನಿಗೆ ಹೊಸ ಫಿಲ್ಟರ್ ಹಾಕಬೇಡಿ. ನೀಲಿ ಅಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ, ಲಕ್ಷದ ಫಿಲ್ಟರ್ ತಿಂಗಳಲ್ಲೇ ಮಣ್ಣು. ಬರೀ ಕಪ್ಪು ಹೊಗೆ ಇದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ಕ್ರಷರ್ ಧೂಳಿನಲ್ಲಿ ಓಡುವ ಗಾಡಿಯ ಮೂಗು ಕಟ್ಟೋದು ಮೊದಲು ಅಲ್ಲೇ.

ಯೂರಿಯಾ ವಿಚಾರ ಹೇಳದಿದ್ದರೆ ಈ ಊರಿಗೆ ಅನ್ಯಾಯ. ಬಿಎಸ್-6ರಲ್ಲಿ ಭಾರಿ ವಾಹನದ ನೈಟ್ರೋಜನ್ ಆಕ್ಸೈಡ್ ಮಿತಿ 3.5 ಗ್ರಾಂನಿಂದ 0.4ಕ್ಕೆ ಇಳಿಯಿತು. ಅದಕ್ಕೆ ಫಿಲ್ಟರಿನ ಹಿಂದೆ ಶುದ್ಧ ಯೂರಿಯಾ ನೀರು ಚಿಮುಕಿಸುತ್ತಾರೆ, 32.5 ಪಾಲು ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಡ್ರೈವರುಗಳ ತಲೆಗೆ ಏನು ಬರುತ್ತೆ? ಗೊಬ್ಬರದ ಅಂಗಡಿಯಲ್ಲಿ 45 ಕಿಲೋ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುತ್ತಲ್ಲ, ಬೋರಿನ ನೀರಿಗೆ ಕಲಸಿದರಾಯಿತು! ಸ್ವಾಮಿ, 2015ರಿಂದ ನಮ್ಮ ಗೊಬ್ಬರದ ಯೂರಿಯಾಗೆ ಬೇವಿನೆಣ್ಣೆ ಲೇಪ ಕಡ್ಡಾಯ. ಆ ಎಣ್ಣೆ, ಬೋರಿನ ಸುಣ್ಣ ಎಲ್ಲ ಸೇರಿ ಪಂಪು, ನಾಜಲ್ಲು, ಕ್ಯಾಟಲಿಸ್ಟ್ ಒಂದೂ ಉಳಿಯಲ್ಲ. ಅದೂ ಅಲ್ಲದೆ ಆ ಚೀಲ ಯಾರದು? 2025ರ ಮುಂಗಾರಿನಲ್ಲಿ ಇದೇ ಕೊಪ್ಪಳ ಜಿಲ್ಲೆಯ ರೈತರು ಒಂದು ಚೀಲ ಯೂರಿಯಾಕ್ಕೆ ಸಾಲು ನಿಂತಿದ್ದನ್ನ ನಾವೇ ತೋರಿಸಿದ್ದೇವೆ.

ಹಾಗೆಯೇ ಕಣದ ಮಾತು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ಸಜ್ಜೆ ಹರಡಿ ಗಾಡಿ ಹಾಯಲಿ ಅಂತ ಬಿಡ್ತಾರೆ. ಮಸಿ ಸುಡುತ್ತಿರುವ ಲಾರಿಯ ಡಬ್ಬಿ ಒಲೆಯಷ್ಟು ಬಿಸಿ. ಅದರಡಿ ಒಣ ಹುರುಳಿ ಬಳ್ಳಿ ಸುತ್ತಿಕೊಂಡರೆ ಲಾರಿಯೂ ಹೋಯಿತು, ರೈತನ ಬೆಳೆಯೂ ಹೋಯಿತು. ದೀಪ ಹತ್ತಿದಾಗ ಮೇವಿನ ಬಣವೆ ಪಕ್ಕ, ಹತ್ತಿ ಗೋದಾಮಿನ ಮುಂದೆ ನಿಲ್ಲಿಸಬೇಡಿ.

ಇಷ್ಟೆಲ್ಲ ಮಾತಾಡುವಾಗ ಆ ಕ್ಲೀನರ್ ಹುಡುಗ ಸುಮ್ಮನೆ ಬ್ಯಾಟರಿ ಹಿಡಿದು ನಿಂತೇ ಇದ್ದ. ನೀನು ರಾತ್ರಿ ಎಲ್ಲಿ ಮಲಗ್ತಿ ತಮ್ಮಾ, ಅಂತ ಕೇಳಿದೆ. "ಗಾಡಿ ಕೆಳಗ್ರೀ," ಅಂದ. ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡ. ಟವೆಲು ಕಪ್ಪಾಯಿತು. ನಮ್ಮ ಕ್ಯಾಮೆರಾಮನ್ ಅದನ್ನ ನೋಡಿ ನನ್ನ ಮುಖ ನೋಡಿದ. ಬೇಡ ಅಂದೆ. ಹುಡುಗ ಆಗಲೇ ನಾಚಿಕೊಂಡು ಟವೆಲು ಮಡಿಚಿ ಬಗಲಿಗೆ ಇಟ್ಟುಕೊಂಡಿದ್ದ.

ಚಾಚಾ ಆ ರಾತ್ರಿ ಕೊಯ್ಯಲಿಲ್ಲ. ಮಾಲೀಕ ನನ್ನ ನಂಬರ್ ಬರೆದುಕೊಂಡ. ಮೂರು ವಾರ ಆದ ಮೇಲೆ ಫೋನು ಬಂತು. ಫಿಲ್ಟರ್ ಬಿಚ್ಚಿಸಿ, ಅಕ್ಕಿ ಲೋಡಿನ ಲಾರಿಯಲ್ಲಿ ಹುಬ್ಬಳ್ಳಿಗೆ ಹಾಕಿ ಕಳಿಸಿದ್ದನಂತೆ. ಯಂತ್ರದಲ್ಲಿ ಊದಿಸಿ ತಂದರಂತೆ. ತೂಕ ಇಳೀತೇನಪ್ಪಾ ಅಂದೆ.

"ಇಳೀತ್ರಿ ಸರ, ಚೀಟಿ ಐತಿ. ಗಾಡಿ ನಾಕ್ ದಿನ ನಿಂತಿದ್ದಕ್ಕ ಒಂದ್ ಕಂತು ತಪ್ಪೈತಿ. ಆದ್ರ ದಿಬ್ಬ ಏರಾಕತ್ತೈತಿ. ವಾರಕ್ಕೊಮ್ಮೆ ಕುಷ್ಟಗಿ ಹೈವೇಕ ಒಯ್ದು ಓಡಿಸ್ಕೊಂಡ್ ಬಾ ಅಂತ ನಿಮ್ಮ ಡ್ರೈವರ್ ಹೇಳಿದ್ರಲ್ಲ, ಆ ಡೀಸೆಲ್ ಖರ್ಚು ಯಾರ್ ಕೊಡ್ತಾರ ಅಂತ ಅವರನ್ನ ಒಂಚೂರು ಕೇಳ್ರಿ."